ಶೆಲ್ಟರ್‌ನಿಂದ ಎರಡು ಬೆಕ್ಕು ತಂದೆವು, ಒಂದು ಬೀರು ಹಿಂದೆ ಸೇರಿಕೊಂಡು ಕೂತಿದೆ

ಎರಡು ಬಾಲ · 2ನೇ ದಿನ, ರಾತ್ರಿ 11:20

ನಿನ್ನೆ ಬೆಳಗ್ಗೆ ಶೆಲ್ಟರ್‌ನಿಂದ ಎರಡು ಬೆಕ್ಕುಗಳನ್ನು ದತ್ತು ತಂದೆವು. ಗುಂಡ, ನಾಲ್ಕು ವರ್ಷದ ಕಿತ್ತಳೆ ಗಂಡು. ಚುಕ್ಕಿ, ಎರಡು ವರ್ಷದ ಹೆಣ್ಣು, ಕಪ್ಪು ಮೈ ಮೇಲೆ ಅಲ್ಲಲ್ಲಿ ಬೆಲ್ಲದ ಬಣ್ಣದ ಮಚ್ಚೆ. ಇಬ್ಬರಿಗೂ ಆಪರೇಷನ್ ಆಗಿದೆ, ಲಸಿಕೆ ಆಗಿದೆ. 'ಇವೆರಡೂ ಜೋಡಿ, ಬೇರೆ ಮಾಡಬೇಡಿ' ಅಂತ ಹೇಳಿಯೇ ಕೊಟ್ಟರು.

ತಪ್ಪು ನನ್ನದೇ. ಬಂದ ತಕ್ಷಣ ಹಾಲ್ ಮಧ್ಯದಲ್ಲಿ ಬೆಕ್ಕು ತಂದ ಪೆಟ್ಟಿಗೆ, ಅದೇ ಕ್ಯಾರಿಯರ್, ಇಟ್ಟು ಅದರ ಬಾಗಿಲು ತೆಗೆದೆ. ಮನೆಯವರೆಲ್ಲ ಸುತ್ತ ನಿಂತು ನೋಡುತ್ತಿದ್ದೆವು, ಹೊಸ ಟಿವಿ ಬಿಚ್ಚಿದ ಹಾಗೆ. ಗುಂಡ ಮೆಲ್ಲಗೆ ಬಂದು ಎಲ್ಲರ ಕಾಲು ಮೂಸಿದ. ಚುಕ್ಕಿ ಹೊರಗೆ ಬಂದದ್ದು ಕಣ್ಣಿಗೆ ಕಾಣಲೇ ಇಲ್ಲ. ಒಂದು ಕಪ್ಪು ಗೆರೆ ಹಾಗೆ ಮಲಗುವ ಕೋಣೆಗೆ ನುಗ್ಗಿ ಬೀರು ಹಿಂದೆ ಹೋದಳು. ಅಲ್ಲಿರುವುದು ನಾಲ್ಕು ಬೆರಳಿನಷ್ಟು ಸಂದಿ. ಹೇಗೆ ತೂರಿದಳೋ ಗೊತ್ತಿಲ್ಲ. ಇವತ್ತೂ ಅಲ್ಲೇ ಇದ್ದಾಳೆ. ಟಾರ್ಚ್ ಹಾಕಿದರೆ ಎರಡು ಹಸಿರು ಕಣ್ಣು ಮಾತ್ರ.

ಮಧ್ಯಾಹ್ನ ಕೈ ಹಾಕಿ ಎಳೆಯಲು ನೋಡಿದೆ. ಮೊಣಕೈವರೆಗೆ ಮೂರು ಗೀರು ಬಿತ್ತು. ನಾನು ನೋಡಿದ ಹಾಗೆ ಏನೂ ತಿಂದಿಲ್ಲ. ಬೀರು ಸರಿಸಿ ಹೊರಗೆ ತೆಗೆಯಲಾ? ಅಥವಾ ಹಾಗೇ ಬಿಡಲಾ? ಇವಳಿಗೆ ನಾವು ಇಷ್ಟವೇ ಆಗಲಿಲ್ಲವೇನೋ ಅಂತ ಬೇಜಾರು ಬೇರೆ.

ಹಳೇ ಸ್ವೆಟರ್ · ರಾತ್ರಿ 11:48

ಬೀರು ಮುಟ್ಟಬೇಡಿ. ಟಾರ್ಚ್ ಕೂಡ ಬೇಡ.

ನಾನು ಹತ್ತು ವರ್ಷದಿಂದ ಶೆಲ್ಟರ್ ಬೆಕ್ಕುಗಳಿಗೆ ತಾತ್ಕಾಲಿಕ ಮನೆ ಕೊಡುತ್ತಿದ್ದೇನೆ. ಬಂದ ದಿನವೇ ಬಚ್ಚಿಟ್ಟುಕೊಳ್ಳದ ಬೆಕ್ಕು ಕಂಡರೆ ನನಗೇ ಆಶ್ಚರ್ಯ. ನಿಮ್ಮನ್ನು ಕಂಡರೆ ಇಷ್ಟವಿಲ್ಲ ಅಂತಲ್ಲ. ಅವಳಿಗೆ ಇನ್ನೂ ನೀವು ಯಾರು ಅಂತಲೇ ಗೊತ್ತಿಲ್ಲ. ನಮಗೆ ಮನೆ ಅಂದರೆ ಗೋಡೆ, ಸೋಫಾ, ಕಿಟಕಿ. ಬೆಕ್ಕಿಗೆ ಮನೆ ಅಂದರೆ ವಾಸನೆ. ನಿಮ್ಮ ಮನೆಯಲ್ಲಿ ಅವಳದ್ದು ಅನ್ನುವ ವಾಸನೆ ಈಗ ಒಂದು ಚಮಚದಷ್ಟೂ ಇಲ್ಲ. ಆ ಸಂದಿಯಲ್ಲಿ ಎರಡು ದಿನ ಕೂತಿದ್ದಾಳಲ್ಲ, ಅಲ್ಲಿ ಮಾತ್ರ ಸ್ವಲ್ಪ ಬಂದಿರುತ್ತದೆ. ಅದನ್ನೂ ಕಿತ್ತುಕೊಂಡರೆ ಇನ್ನೆಲ್ಲಿಗೆ ಹೋಗಬೇಕು?

ಈಗ ಮಾಡಬೇಕಾದದ್ದು ಇಷ್ಟು. ಆ ಮಲಗುವ ಕೋಣೆಯನ್ನೇ ಅವರಿಬ್ಬರ ಕೋಣೆ ಮಾಡಿ, ಬಾಗಿಲು ಹಾಕಿ. ನೀವು ಕೆಲವು ದಿನ ಬೇರೆ ಕಡೆ ಮಲಗಿ. ಒಂದು ಮೂಲೆಯಲ್ಲಿ ಲಿಟರ್ ಬಾಕ್ಸ್ (ಬೆಕ್ಕಿನ ಕಕ್ಕಸಿಗೆ ಮರಳಿನಂಥ ಪುಡಿ ತುಂಬಿದ ಡಬ್ಬ), ಅದಕ್ಕೆ ಎದುರು ಮೂಲೆಯಲ್ಲಿ ಊಟ. ಎರಡೂ ಪಕ್ಕಪಕ್ಕ ಇಡಬೇಡಿ. ಕಕ್ಕಸಿನ ಪಕ್ಕ ಕೂತು ಊಟ ಮಾಡಲು ನಮಗಾದರೂ ಆಗುತ್ತಾ? ನೀರಿನ ಬಟ್ಟಲು ಊಟದಿಂದಲೂ ಸ್ವಲ್ಪ ದೂರ ಇರಲಿ. ಕ್ಯಾರಿಯರನ್ನು ಕಪಾಟಿಗೆ ಎತ್ತಿಡಬೇಡಿ, ಬಾಗಿಲು ತೆಗೆದು ಅಲ್ಲೇ ನೆಲದ ಮೇಲೆ ಬಿಡಿ. ಶೆಲ್ಟರ್‌ನಿಂದ ಬಟ್ಟೆಯೇನಾದರೂ ಕೊಟ್ಟಿದ್ದರೆ ಅದನ್ನು ತೊಳೆಯಬೇಡಿ.

ಮತ್ತೆ ಒಂದು ರಟ್ಟಿನ ಡಬ್ಬ. ಸುಮ್ನೆ ಹೇಳುತ್ತಿಲ್ಲ. ನೆದರ್ಲೆಂಡ್ಸ್‌ನ ಯೂಟ್ರೆಕ್ಟ್ ವಿಶ್ವವಿದ್ಯಾಲಯದವರು 2014ರಲ್ಲಿ ಇದರ ಮೇಲೆ ಅಧ್ಯಯನ ಪ್ರಕಟಿಸಿದರು. ಶೆಲ್ಟರ್‌ಗೆ ಹೊಸದಾಗಿ ಬಂದ ಬೆಕ್ಕುಗಳಲ್ಲಿ ಕೆಲವಕ್ಕೆ ಬಚ್ಚಿಟ್ಟುಕೊಳ್ಳಲು ಡಬ್ಬ ಕೊಟ್ಟರು, ಕೆಲವಕ್ಕೆ ಕೊಡಲಿಲ್ಲ. ಡಬ್ಬ ಸಿಕ್ಕ ಬೆಕ್ಕುಗಳ ಗಾಬರಿ ಮೊದಲ ಕೆಲವೇ ದಿನಗಳಲ್ಲಿ ಇಳಿಯಿತು. ಸಿಗದವು ಅಲ್ಲಿಗೆ ಬಂದು ಮುಟ್ಟಲು ಹೆಚ್ಚುಕಡಿಮೆ ಎರಡು ವಾರ ಬೇಕಾಯಿತು.

ಮೂರು ದಿನ, ಮೂರು ವಾರ, ಮೂರು ತಿಂಗಳು ಅಂತ ಒಂದು ಲೆಕ್ಕ ಶೆಲ್ಟರ್‌ನವರು ಹೇಳುತ್ತಾರೆ. ಮೂರು ದಿನ ಗಾಬರಿ, ಮೂರು ವಾರಕ್ಕೆ ದಿನಚರಿ ಅಭ್ಯಾಸ, ಮೂರು ತಿಂಗಳಿಗೆ 'ಇದು ನನ್ನ ಮನೆ'. ಇದು ಅಂದಾಜು ಅಷ್ಟೇ, ಕ್ಯಾಲೆಂಡರ್ ನೋಡಿಕೊಂಡು ಕಾಯಬೇಡಿ.

ಸೂಜಿಮದ್ದು · 3ನೇ ದಿನ, ಬೆಳಗ್ಗೆ 6:55

ಪ್ರಾಣಿಗಳ ಕ್ಲಿನಿಕ್‌ನಲ್ಲಿ ಕೆಲಸ ಮಾಡುತ್ತೇನೆ. ಮೇಲೆ ಹೇಳಿದ್ದೆಲ್ಲ ಸರಿ. ಎರಡು ಮಾತು ಸೇರಿಸುತ್ತೇನೆ.

ಮೊದಲು ನಿಮ್ಮ ಕೈ. ಗೀರಿದ ಜಾಗವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕಿತ್ತು. ತೊಳೆದಿಲ್ಲದಿದ್ದರೆ ಈಗಲೇ ತೊಳೆದು, ಇವತ್ತೇ ಡಾಕ್ಟರ್‌ಗೆ ತೋರಿಸಿ. ಬೆಕ್ಕಿಗೆ ರೇಬಿಸ್ ಲಸಿಕೆ ಆಗಿದ್ದರೂ ಕಾಗದ ತೆಗೆದುಕೊಂಡು ಹೋಗಿ, ಏನು ಬೇಕು ಅಂತ ಅವರೇ ತೀರ್ಮಾನ ಮಾಡಲಿ. ಒಂದು ವೇಳೆ ಕಚ್ಚಿದ್ದರೆ ಇನ್ನೂ ತಡ ಮಾಡಬಾರದು. ಬೆಕ್ಕಿನ ಹಲ್ಲು ಸೂಜಿ ಹಾಗೆ ಆಳಕ್ಕೆ ಹೋಗುತ್ತದೆ, ಮೇಲೆ ಸಣ್ಣ ಚುಕ್ಕಿ ಕಾಣುತ್ತದೆ, ಒಳಗೆ ಕೀವು ತುಂಬುತ್ತದೆ.

ಎರಡನೆಯದು ಊಟ. ಬಚ್ಚಿಟ್ಟುಕೊಂಡರೆ ಚಿಂತೆ ಬೇಡ, ತಿನ್ನದಿದ್ದರೆ ಚಿಂತೆ ಮಾಡಬೇಕು. ನಾಯಿ ಒಂದು ದಿನ ಉಪವಾಸ ಇದ್ದ ಹಾಗಲ್ಲ ಇದು. ಬೆಕ್ಕು ಎರಡು ಮೂರು ದಿನ ಪೂರ್ತಿ ಊಟ ಬಿಟ್ಟರೆ ಮೈಯ ಕೊಬ್ಬೆಲ್ಲ ಲಿವರ್‌ಗೆ ಹೋಗಿ ಕೂರುತ್ತದೆ. ದಪ್ಪ ಬೆಕ್ಕುಗಳಿಗೆ ಅಪಾಯ ಜಾಸ್ತಿ. ಜೀವಕ್ಕೇ ಬರಬಹುದು. 24 ಗಂಟೆ ಏನೂ ತಿನ್ನದಿದ್ದರೆ ಡಾಕ್ಟರ್‌ಗೆ ಫೋನ್ ಮಾಡುವುದು ನಮ್ಮ ಲೆಕ್ಕ. ನಿಮ್ಮದು ಆ ಗಡುವು ದಾಟಿರಬಹುದು. ಹಾಗಾಗಿ ಇವತ್ತು ಫೋನ್ ಮಾಡಿ ಕೇಳಿಬಿಡಿ. ಆದರೆ ರಾತ್ರಿ ಕದ್ದು ತಿಂದಿರುವ ಸಾಧ್ಯತೆಯೂ ಇದೆ. ಅಡುಗೆಮನೆ ತಕ್ಕಡಿಯಲ್ಲಿ ಊಟ ತೂಗಿ ಇಡಿ, ಬೆಳಗ್ಗೆ ಮತ್ತೆ ತೂಗಿ. ಶೆಲ್ಟರ್‌ನಲ್ಲಿ ಯಾವ ಊಟ ಕೊಡುತ್ತಿದ್ದರೋ ಅದನ್ನೇ ಕೊಡಿ, ಅದಕ್ಕಿಂತ ಒಳ್ಳೆಯದು ನಿಮ್ಮ ಹತ್ತಿರ ಇದ್ದರೂ ಸರಿ. ಆಮೇಲೆ ಬದಲಾಯಿಸುವುದಾದರೆ ವಾರ ಹತ್ತು ದಿನ ಸ್ವಲ್ಪ ಸ್ವಲ್ಪ ಬೆರೆಸುತ್ತಾ ಹೋಗಿ. ಪೌಚ್ ಊಟವನ್ನು ಉಗುರು ಬೆಚ್ಚಗೆ ಮಾಡಿ, ವಾಸನೆ ಏಳುತ್ತದೆ. ಹಾಲು ಬೇಡ. ಗಾದೆಗಳಲ್ಲಿ ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತಲೇ ಇರುತ್ತದೆ, ಆದರೆ ದೊಡ್ಡ ಬೆಕ್ಕುಗಳಲ್ಲಿ ತುಂಬಾ ಜನಕ್ಕೆ ಹಾಲು ಜೀರ್ಣವಾಗದೆ ಭೇದಿ ಶುರುವಾಗುತ್ತದೆ. ('ಜನಕ್ಕೆ' ಅಂತ ಬರೆದುಬಿಟ್ಟೆ, ಇರಲಿ.)

ಗುಂಡನ ಮೇಲೂ ಒಂದು ಕಣ್ಣಿಡಿ. ಗಂಡು ಬೆಕ್ಕು ಲಿಟರ್ ಬಾಕ್ಸ್‌ಗೆ ಪದೇ ಪದೇ ಹೋಗಿ, ಮುಕ್ಕಿರಿದು, ಒಂದು ಹನಿಯೂ ಬರದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಮೂತ್ರದ ದಾರಿ ಕಟ್ಟಿಕೊಂಡಿರುತ್ತದೆ. ಗಾಬರಿ, ಜಾಗ ಬದಲಾವಣೆ ಇದಕ್ಕೆ ಒಂದು ಕಾರಣ.

ಕಪ್ಪು ಮೀಸೆ · 3ನೇ ದಿನ, ಬೆಳಗ್ಗೆ 9:10

ನನಗೆ ಈ ಕೋಣೆಯಲ್ಲಿ ಕೂಡಿಹಾಕುವ ಸಲಹೆ ಅರ್ಥವೇ ಆಗುವುದಿಲ್ಲ. ಶೆಲ್ಟರ್‌ನ ಪಂಜರದಿಂದ ಬಿಡಿಸಿ ತಂದು ಮತ್ತೆ ಬಾಗಿಲು ಹಾಕುವುದಾ? ನಮ್ಮ ಬೆಕ್ಕನ್ನು ತಂದ ದಿನವೇ ಇಡೀ ಮನೆಗೆ ಬಿಟ್ಟೆವು. ಎರಡು ಗಂಟೆಯಲ್ಲಿ ಸೋಫಾ ಮೇಲೆ ಹೊಟ್ಟೆ ತೋರಿಸಿ ಮಲಗಿತ್ತು. ಎಲ್ಲರೂ ಪುಸ್ತಕದ ಹಾಗೆ ಮಾಡಬೇಕಾಗಿಲ್ಲ.

ಹಳೇ ಸ್ವೆಟರ್ · 3ನೇ ದಿನ, ಬೆಳಗ್ಗೆ 9:42

ನಿಮಗೆ ಸಿಕ್ಕಿದ್ದು ಧೈರ್ಯದ ಬೆಕ್ಕು. ಗುಂಡನೂ ಅದೇ ಜಾತಿ ಅಂತ ಕಾಣುತ್ತದೆ. ಅಂಥವುಗಳಿಗೆ ಒಂದು ದಿನದಲ್ಲೇ ಬಾಗಿಲು ತೆರೆದರೂ ನಡೆಯುತ್ತದೆ, ಒಪ್ಪುತ್ತೇನೆ. ಎರಡು ವಾರದಿಂದ ಏಳು ವಾರದ ವಯಸ್ಸಿನೊಳಗೆ ಮನುಷ್ಯರ ಕೈ ಅಭ್ಯಾಸವಾದ ಮರಿಗಳು ಹೀಗಾಗುವುದು ಜಾಸ್ತಿ. ಆ ವಯಸ್ಸಲ್ಲಿ ಮನುಷ್ಯರನ್ನೇ ನೋಡದ ಬೆಕ್ಕಿಗೆ ನಮ್ಮ ಹಾಲ್ ಅಂದರೆ ಬಯಲು. ನಾಲ್ಕೂ ಕಡೆಯಿಂದ ಯಾರು ಬೇಕಾದರೂ ಬರಬಹುದು.

ನಾನೂ ಒಮ್ಮೆ ನಿಮ್ಮ ಹಾಗೇ ಯೋಚಿಸಿದ್ದೆ. ಬೂದು ಬಣ್ಣದ ಒಂದು ಹೆಣ್ಣು ಬೆಕ್ಕು, ಬಂದ ದಿನ ಇಡೀ ಮನೆಗೆ ಬಿಟ್ಟೆ. ಕಾಲು ಸುಟ್ಟ ಬೆಕ್ಕು ಅನ್ನುತ್ತಾರಲ್ಲ, ಅವತ್ತು ಕಣ್ಣಾರೆ ನೋಡಿದೆ. ಕೋಣೆಯಿಂದ ಕೋಣೆಗೆ ಓಡಿ, ಕೊನೆಗೆ ಅಡುಗೆಮನೆಯ ಕಪಾಟಿನ ಕೆಳಗಿನ ಹಲಗೆ ಸಡಿಲ ಇದ್ದದ್ದು ಹುಡುಕಿ ಒಳಗೆ ಹೋಯಿತು. ಅಲ್ಲಿಂದ ಗೋಡೆ ಮತ್ತು ಕಪಾಟಿನ ಮಧ್ಯಕ್ಕೆ. ಬಡಗಿಯನ್ನು ಕರೆಸಿ ಹಲಗೆ ಬಿಚ್ಚಿಸಿದೆವು. ಆ ಸುತ್ತಿಗೆ ಸದ್ದಿನ ನಂತರ ಅದು ನನ್ನನ್ನು ನಂಬಲು ನಾಲ್ಕು ತಿಂಗಳು ತೆಗೆದುಕೊಂಡಿತು. ಬಾಗಿಲು ಹಾಕಿದ್ದರೆ ನಾಲ್ಕು ದಿನದ ಕೆಲಸ.

ಪಂಜರಕ್ಕೂ ಕೋಣೆಗೂ ವ್ಯತ್ಯಾಸ ಇದೆ. ಕೋಣೆಯಲ್ಲಿ ಎಲ್ಲಿ ಕೂರಬೇಕು ಅನ್ನುವುದು ಬೆಕ್ಕಿನ ಇಷ್ಟ.

ಎರಡು ಬಾಲ · 4ನೇ ದಿನ, ಬೆಳಗ್ಗೆ 7:30

ಕೈ ತೋರಿಸಿಕೊಂಡು ಬಂದೆ. ಬೆಕ್ಕಿನ ಡಾಕ್ಟರ್‌ಗೂ ಫೋನ್ ಮಾಡಿದೆ. ಇವತ್ತು ರಾತ್ರಿ ನೋಡಿ, ತಿನ್ನದಿದ್ದರೆ ನಾಳೆ ಕರೆತನ್ನಿ ಅಂದರು.

ಗುಂಡ ಎಲ್ಲವನ್ನೂ ಮುಗಿಸಿಬಿಡುತ್ತಾನೆ ಅಂತ ರಾತ್ರಿ ಮಾತ್ರ ಅವನನ್ನು ಪಕ್ಕದ ಕೋಣೆಯಲ್ಲಿ ಬಿಟ್ಟೆ. ಚುಕ್ಕಿ ಕೋಣೆಯಲ್ಲಿ 60 ಗ್ರಾಂ ಪೌಚ್ ಊಟ ತೂಗಿ ಇಟ್ಟು, ಹಳೇ ಫೋನ್ ಒಂದನ್ನು ಪುಸ್ತಕದ ನಡುವೆ ನಿಲ್ಲಿಸಿ ರೆಕಾರ್ಡ್‌ಗೆ ಹಾಕಿದೆ. ಬೆಳಗ್ಗೆ ಬಟ್ಟಲಲ್ಲಿ ಉಳಿದದ್ದು 23 ಗ್ರಾಂ! ಲಿಟರ್‌ನಲ್ಲಿ ಎರಡು ಉಂಡೆ.

ವಿಡಿಯೋ ಮೂರು ಸಲ ನೋಡಿದೆ. 2:40ಕ್ಕೆ ಬೀರು ಸಂದಿಯಿಂದ ಮೊದಲು ಮೀಸೆ, ಆಮೇಲೆ ಮೂಗು. ಹಾಗೇ ಐದು ನಿಮಿಷ. ಆಮೇಲೆ ಹೊಟ್ಟೆ ನೆಲಕ್ಕೆ ತಾಗುವ ಹಾಗೆ ತಗ್ಗಿಕೊಂಡು ಒಂದೊಂದೇ ಹೆಜ್ಜೆ. ಕುರ್ಚಿಯ ನಾಲ್ಕೂ ಕಾಲು ಮೂಸಿದಳು. ನನ್ನ ಚಪ್ಪಲಿ ಹತ್ತಿರ ಬಾಯಿ ಅರ್ಧ ತೆರೆದು, ಮುಖ ಕಿವುಚಿಕೊಂಡು ನಿಂತಳು. ಅಷ್ಟು ಕೆಟ್ಟ ವಾಸನೆಯಾ ಅಂತ ಮನೆಯವರೆಲ್ಲ ನಗುತ್ತಿದ್ದಾರೆ. ಊಟ ಮಾಡಿ, ವಾಪಸ್ ಹೋಗುವಾಗ ಮಂಚದ ಮೂಲೆಗೆ ಕೆನ್ನೆ ಒಂದು ಸಲ ಉಜ್ಜಿದಳು. ನನಗಂತೂ ಅದು ಬಹುಮಾನ ಬಂದ ಹಾಗಾಯಿತು.

ಹಳೇ ಸ್ವೆಟರ್ · 4ನೇ ದಿನ, ಬೆಳಗ್ಗೆ 8:05

ಚಪ್ಪಲಿಗೆ ಅವಮಾನ ಆಗಿಲ್ಲ, ಸಮಾಧಾನ ಮಾಡಿಕೊಳ್ಳಿ. ಬೆಕ್ಕಿನ ಬಾಯಿಯ ಮೇಲಂಗಳದಲ್ಲಿ ವಾಸನೆ ಹಿಡಿಯುವ ಇನ್ನೊಂದು ಅಂಗ ಇದೆ. ಮುಖ್ಯವಾದ ವಾಸನೆ ಸಿಕ್ಕಾಗ ಬಾಯಿ ತೆರೆದು ಅದನ್ನು ಅಲ್ಲಿಗೆ ಎಳೆದುಕೊಳ್ಳುತ್ತದೆ. ನಿಮ್ಮ ಚಪ್ಪಲಿಯನ್ನು ಅವಳು ಓದುತ್ತಿದ್ದಳು. ಮಂಚದ ಮೂಲೆಗೆ ಕೆನ್ನೆ ಉಜ್ಜಿದ್ದು ಅದಕ್ಕಿಂತ ದೊಡ್ಡದು. ಕೆನ್ನೆಯಲ್ಲಿರುವ ಗ್ರಂಥಿಗಳ ವಾಸನೆಯನ್ನು ಅಲ್ಲಿ ಹಚ್ಚಿದಳು. 'ಇಲ್ಲಿಗೆ ಬಂದಿದ್ದೆ, ಏನೂ ಆಗಲಿಲ್ಲ' ಅಂತ ತನಗೆ ತಾನೇ ಬರೆದುಕೊಂಡ ಚೀಟಿ.

ಹಾಗಾಗಿ ಆ ಕೋಣೆಯನ್ನು ಈಗ ಫಿನೈಲ್ ಹಾಕಿ ಒರೆಸಬೇಡಿ. ಚೀಟಿ ಎಲ್ಲ ಅಳಿಸಿಹೋಗುತ್ತದೆ. ಫಿನೈಲ್ ಬೆಕ್ಕಿನ ಮೈಗೂ ವಿಷ, ಬೆಕ್ಕಿರುವ ಮನೆಯಲ್ಲಿ ಅದು ಬೇಡವೇ ಬೇಡ. ಲಿಟರ್ ದಿನಾ ತೆಗೆಯಿರಿ, ನೆಲ ಒರೆಸಬೇಕೆಂದರೆ ಬರೀ ನೀರು.

ನೀವು ದಿನಕ್ಕೆ ಮೂರು ನಾಲ್ಕು ಸಲ ಒಳಗೆ ಹೋಗಿ ನೆಲದ ಮೇಲೆ ಕೂತು ಬನ್ನಿ. ಅವಳ ಕಡೆ ನೋಡಬೇಡಿ. ಏನಾದರೂ ಓದಿ, ಜೋರಾಗಿ ಓದಿದರೂ ಸರಿ, ದನಿ ಅಭ್ಯಾಸವಾಗುತ್ತದೆ.

ಮೊದಲ ಬೆಕ್ಕು · 5ನೇ ದಿನ, ಸಂಜೆ 6:15

ನಡುವೆ ನನ್ನದೊಂದು ಪ್ರಶ್ನೆ. ನಮ್ಮ ಮನೆಯಲ್ಲಿ ಆರು ವರ್ಷದ ಬೆಕ್ಕು ಮೊದಲೇ ಇದೆ. ಮುಂದಿನ ವಾರ ಶೆಲ್ಟರ್‌ನಿಂದ ಇನ್ನೊಂದು ಬರುತ್ತಿದೆ. 'ಎದುರುಬದುರು ಬಿಡಿ, ಎರಡೇಟು ಹೊಡೆದುಕೊಂಡು ಸರಿಹೋಗುತ್ತವೆ' ಅಂತ ಪರಿಚಯದವರು ಹೇಳುತ್ತಾರೆ. ನಿಜವಾ?

ಹಳೇ ಸ್ವೆಟರ್ · 5ನೇ ದಿನ, ಸಂಜೆ 7:00

ದಯವಿಟ್ಟು ಬೇಡ. ಮೊದಲ ಜಗಳ ಬೆಕ್ಕಿಗೆ ಮರೆಯುವುದಿಲ್ಲ. ಅದನ್ನು ಆಮೇಲೆ ಬಿಡಿಸುವುದು ಸಿಕ್ಕುಬಿದ್ದ ಉಲ್ಲನ್ ಬಿಡಿಸಿದ ಹಾಗೆ.

ಹೊಸದು ಬಂದ ಮೇಲೆ ಹತ್ತು ಹದಿನಾಲ್ಕು ದಿನ ಬೇರೆ ಕೋಣೆ, ಬೇರೆ ಬಟ್ಟಲು, ಬೇರೆ ಲಿಟರ್. ಇದು ಜಗಳಕ್ಕೆ ಮಾತ್ರ ಅಲ್ಲ, ಕಾಯಿಲೆಗೂ. ಎಫ್‌ಐವಿ, ಫೆಲೈನ್ ಲ್ಯುಕೇಮಿಯಾ (ಎರಡೂ ಬೆಕ್ಕಿನಿಂದ ಬೆಕ್ಕಿಗೆ ಹರಡುವ ವೈರಸ್ ಕಾಯಿಲೆ) ಪರೀಕ್ಷೆ ಆಗಿದೆಯಾ ಅಂತ ಶೆಲ್ಟರ್‌ನಲ್ಲಿ ಕೇಳಿ.

ಈ ದಿನಗಳಲ್ಲಿ ಪರಿಚಯ ಮೂಗಿನಿಂದ ಶುರುವಾಗಲಿ. ಒಂದು ಹಳೇ ಸಾಕ್ಸ್ ತಗೊಂಡು ಹೊಸ ಬೆಕ್ಕಿನ ಕೆನ್ನೆಗೆ ಮೆಲ್ಲಗೆ ಉಜ್ಜಿ, ಹಳೇ ಬೆಕ್ಕು ಓಡಾಡುವ ಕಡೆ ಬಿಡಿ. ಇನ್ನೊಂದು ಸಾಕ್ಸ್ ಹೀಗೇ ಆ ಕಡೆಯಿಂದ ಈ ಕಡೆಗೆ. ಹಳೇದು ಸಾಕ್ಸ್ ನೋಡಿ ಬುಸ್ ಅಂದರೆ ಬೈಯಬೇಡಿ. ಸಾಕ್ಸ್ ಹತ್ತಿರ ಏನಾದರೂ ತಿನ್ನಲು ಇಡಿ. ಬುಸ್ ನಿಂತ ಮೇಲೆ ಮುಚ್ಚಿದ ಬಾಗಿಲ ಎರಡೂ ಕಡೆ ಊಟದ ಬಟ್ಟಲು ಇಡಿ. ಮೊದಲು ದೂರ, ದಿನಾ ಒಂದು ಗೇಣು ಹತ್ತಿರ. ಬಾಗಿಲ ಸಂದಿಯಿಂದ ಬರುವ ಆ ಇನ್ನೊಬ್ಬನ ವಾಸನೆ ಅಂದರೆ ಹೊಟ್ಟೆ ತುಂಬುವ ಹೊತ್ತು ಅಂತ ತಲೆಗೆ ಹೋಗಬೇಕು. ಆಮೇಲೆ ಅವು ಕೋಣೆ ಅದಲುಬದಲು ಮಾಡಿಕೊಳ್ಳಲಿ, ಮುಖ ನೋಡದೆ. ಕಣ್ಣಿಗೆ ಕಾಣಿಸುವುದು ಎಲ್ಲಕ್ಕಿಂತ ಕೊನೆಗೆ, ಜಾಲರಿ ಬಾಗಿಲಿನ ಹಿಂದೆ, ಐದು ನಿಮಿಷ.

ಎರಡು ಬೆಕ್ಕಿಗೆ ಮೂರು ಲಿಟರ್ ಬಾಕ್ಸ್. ಮೂರನ್ನೂ ಸಾಲಾಗಿ ಇಟ್ಟರೆ ಅದು ಬೆಕ್ಕಿನ ಲೆಕ್ಕದಲ್ಲಿ ಒಂದೇ, ಬೇರೆ ಬೇರೆ ಕಡೆ ಇಡಿ.

ನಿದ್ದೆಗೇಡಿ · 6ನೇ ದಿನ, ಬೆಳಗಿನ ಜಾವ 4:12

ಹೊತ್ತು ನೋಡಿದರೆ ನನ್ನ ಪ್ರಶ್ನೆ ಗೊತ್ತಾಗುತ್ತದೆ. ಮೂರು ವಾರದ ಹಿಂದೆ ತಂದ ಬೆಕ್ಕು. ಹಗಲೆಲ್ಲ ದೇವರಂಥದ್ದು. ನಾಲ್ಕಕ್ಕೆ ಸರಿಯಾಗಿ ಬಾಗಿಲ ಮುಂದೆ ಕೂತು ರಾಗ ಎಳೆಯುತ್ತದೆ. ಎದ್ದು ಊಟ ಹಾಕಿದರೆ ಸುಮ್ಮನಾಗುತ್ತದೆ.

ಸೂಜಿಮದ್ದು · 6ನೇ ದಿನ, ಬೆಳಗ್ಗೆ 7:02

ಕೂಗಿದರೆ ಊಟ ಬರುತ್ತದೆ ಅಂತ ನೀವೇ ಕಲಿಸಿದ್ದೀರಿ! ಬೆಕ್ಕು ನಸುಕಿಗೂ ಮುಸ್ಸಂಜೆಗೂ ಚುರುಕಾಗುವ ಪ್ರಾಣಿ, ನಾಲ್ಕು ಗಂಟೆ ಅದರ ಹುಟ್ಟುಗುಣ. ಮಲಗುವ ಮುಂಚೆ ಹದಿನೈದು ನಿಮಿಷ ಕೋಲಿಗೆ ಕಟ್ಟಿದ ಗರಿ ಹಿಡಿದು ಓಡಾಡಿಸಿ, ಕೊನೆಗೆ ಅದನ್ನು ಹಿಡಿಯಲು ಬಿಡಿ, ಆಮೇಲೆ ರಾತ್ರಿ ಊಟ. ಬೇಟೆ, ಊಟ, ನಿದ್ದೆ. ಬೆಳಗಿನ ಊಟ ನೀವು ಎದ್ದ ತಕ್ಷಣ ಹಾಕಬೇಡಿ, ಅರ್ಧ ಗಂಟೆ ಬಿಟ್ಟು ಹಾಕಿ. ಒಂದು ವಾರ ಜೋರಾಗಿ ಕೂಗುತ್ತದೆ. ನಡುವೆ ಒಂದೇ ದಿನ ಸೋತರೂ ಮತ್ತೆ ಮೊದಲಿನಿಂದ. ಆಟ ಆದ ಮೇಲೆ ಆ ದಾರ ಗರಿ ಎಲ್ಲ ಬೀರು ಒಳಗೆ ಇಡಿ. ದಾರ ನುಂಗಿದರೆ ಕರುಳನ್ನೇ ಕೊಯ್ಯುತ್ತದೆ.

ಎರಡು ಬಾಲ · 9ನೇ ದಿನ, ರಾತ್ರಿ 10:30

ಎಲ್ಲ ಸರಿಹೋಯಿತು ಅನ್ನುವಷ್ಟರಲ್ಲಿ ತಲೆಕೆಳಗಾಗಿದೆ.

ಮೊನ್ನೆಯಿಂದ ಗುಂಡ ಸೀನುತ್ತಿದ್ದ. ಇವತ್ತು ಕಣ್ಣಲ್ಲಿ ನೀರು, ಊಟ ಅರ್ಧ. ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ, ಔಷಧಿ ಕೊಟ್ಟರು. ಶೆಲ್ಟರ್‌ಗೆ ಫೋನ್ ಮಾಡಿದರೆ 'ನಮ್ಮಲ್ಲಿ ಇದ್ದಾಗ ಚೆನ್ನಾಗಿತ್ತು' ಅಂದರು. ಜೊತೆಗೆ ಇನ್ನೊಂದು ವಿಷಯ ಬಾಯಿತಪ್ಪಿ ಬಂತು: ಇವೆರಡೂ 'ಜೋಡಿ' ಅಂದದ್ದು ಯಾಕೆ ಅಂದರೆ ಕೊನೆಯ ಎರಡು ವಾರ ಒಂದೇ ಕೋಣೆಯಲ್ಲಿದ್ದವಂತೆ. ಅಷ್ಟೇ! ನಾನು ಅಣ್ಣತಂಗಿ ಥರ ಅಂದುಕೊಂಡಿದ್ದೆ. ಸಿಟ್ಟು ಬಂತು. ಗೊತ್ತಿದ್ದರೂ ಇಬ್ಬರನ್ನೂ ತರುತ್ತಿದ್ದೆನೇನೋ, ಆದರೆ ಹೇಳಬೇಕಿತ್ತು ಅಲ್ವಾ?

ಈಗ ನಿಜವಾದ ತೊಂದರೆ. ಗುಂಡನನ್ನು ಮನೆಗೆ ತಂದು ಕ್ಯಾರಿಯರ್ ತೆಗೆದೆ. ಚುಕ್ಕಿ ಎರಡು ದಿನದಿಂದ ಬೀರು ಬಿಟ್ಟು ರಟ್ಟಿನ ಡಬ್ಬಕ್ಕೆ ಬಂದಿದ್ದಳು. ಗುಂಡನ ಹತ್ತಿರ ಬಂದು ಮೂಸಿದಳು, ಬೆನ್ನು ಕಮಾನಾಯಿತು, ಬುಸ್ ಅಂದು ಮುಖಕ್ಕೆ ಒಂದು ಕೊಟ್ಟಳು. ಬೆಳಗ್ಗೆ ಇಬ್ಬರೂ ಒಂದೇ ಬಟ್ಟಲಲ್ಲಿ ನೀರು ಕುಡಿದಿದ್ದರು! ಈಗ ಅವಳು ಮತ್ತೆ ಬೀರು ಹಿಂದೆ.

ಸೂಜಿಮದ್ದು · 9ನೇ ದಿನ, ರಾತ್ರಿ 10:51

ಎರಡಕ್ಕೂ ಉತ್ತರ ಇದೆ, ಎರಡೂ ಮಾಮೂಲಿ.

ಸೀನು: ಬೆಕ್ಕುಗಳಲ್ಲಿ ಹರ್ಪಿಸ್ ವೈರಸ್ ಅಂತ ಒಂದಿದೆ, ಮನುಷ್ಯರಿಗೆ ಬರುವುದಲ್ಲ. ಚಿಕ್ಕಂದಿನಲ್ಲಿ ಒಮ್ಮೆ ತಗುಲಿದರೆ ಮೈಯಲ್ಲಿ ಸದ್ದಿಲ್ಲದೆ ಉಳಿದುಬಿಡುತ್ತದೆ. ಜಾಗ ಬದಲಾದ ಗಾಬರಿಗೆ ಸುಮಾರು ಒಂದು ವಾರದ ಮೇಲೆ ಎದ್ದು ಕೂರುತ್ತದೆ. ನಿಮ್ಮ ದಿನದ ಲೆಕ್ಕ ನೋಡಿದರೆ ಅದೇ ಇರಬಹುದು. ಹಾಗಾಗಿ ಶೆಲ್ಟರ್‌ನವರು ಸುಳ್ಳು ಹೇಳಿದ್ದಾರೆ ಅಂತ ಅಂದುಕೊಳ್ಳಬೇಡಿ, ಅಲ್ಲಿ ಚೆನ್ನಾಗಿಯೇ ಇದ್ದಿರಬಹುದು. (ಜೋಡಿ ವಿಷಯದಲ್ಲಿ ನನ್ನ ಓಟು ನಿಮಗೆ.) ಮೂಗು ಕಟ್ಟಿದರೆ ಬೆಕ್ಕಿಗೆ ಊಟದ ವಾಸನೆ ಬರುವುದಿಲ್ಲ, ವಾಸನೆ ಇಲ್ಲದೆ ತಿನ್ನುವುದಿಲ್ಲ. ಬಿಸಿನೀರು ಸ್ನಾನ ಮಾಡುವಾಗ ಅವನನ್ನು ಬಚ್ಚಲುಮನೆಯೊಳಗೆ ಕೂರಿಸಿ, ಹಬೆಗೆ ಮೂಗು ಬಿಡುತ್ತದೆ. ಹಳದಿ ಹಸಿರು ಸಿಂಬಳ, ಬಾಯಿ ತೆರೆದು ಉಸಿರಾಟ, ಕಣ್ಣು ಮುಚ್ಚಿಕೊಂಡೇ ಇರುವುದು, ಇವು ಕಂಡರೆ ತಕ್ಷಣ ವಾಪಸ್ ಹೋಗಿ. ನೆಗಡಿಗೆ ಅಂತ ಮನುಷ್ಯರ ಪ್ಯಾರಾಸಿಟಮಾಲ್ ಮಾತ್ರ ಯಾವತ್ತೂ ಕೊಡಬೇಡಿ. ಒಂದು ಮಾತ್ರೆ ಸಾಕು ಬೆಕ್ಕಿನ ಜೀವ ತೆಗೆಯಲು.

ಜಗಳ: ಗುಂಡ ವಾಪಸ್ ಬಂದದ್ದು ಚುಕ್ಕಿಗೆ ಗೊತ್ತೇ ಇಲ್ಲ. ಅವಳ ಮಟ್ಟಿಗೆ ಗುಂಡನ ವೇಷ ಹಾಕಿಕೊಂಡು ಕ್ಲಿನಿಕ್ ಬಂದಿದೆ. ಸ್ಪಿರಿಟ್, ನಾಯಿಗಳು, ಯಾರ್ಯಾರದೋ ಕೈ. ವರ್ಷಗಟ್ಟಲೆ ಒಟ್ಟಿಗಿದ್ದ ಬೆಕ್ಕುಗಳೂ ಹೀಗೆ ಮಾಡುತ್ತವೆ. ಇವತ್ತು ರಾತ್ರಿ ಬೇರೆ ಇಡಿ. ಅವನು ನೆಕ್ಕಿಕೊಂಡು ತನ್ನ ವಾಸನೆ ವಾಪಸ್ ತಂದುಕೊಳ್ಳುತ್ತಾನೆ. ಚುಕ್ಕಿ ಮಲಗಿದ ಬಟ್ಟೆಯಿಂದ ಅವನ ಮೈ ಒಮ್ಮೆ ಒರೆಸಿ. ಅವನ ನೆಗಡಿ ಹೋಗುವ ತನಕ ಅವನ ಬಟ್ಟಲು, ಬಟ್ಟೆ ಅವಳ ಕಡೆ ಹೋಗದಿರಲಿ. ಆಮೇಲೆ ಮೇಲಿನ ಸಾಕ್ಸ್ ಕಥೆಯನ್ನೇ ಇವರಿಬ್ಬರಿಗೂ ಮಾಡಿ.

ಕಪ್ಪು ಮೀಸೆ · 11ನೇ ದಿನ, ಮಧ್ಯಾಹ್ನ 2:20

ಇಲ್ಲಿ ದೊಡ್ಡದಾಗಿ ಮಾತಾಡಿ ಹೋಗಿದ್ದೆ. ನಿನ್ನೆ ಸಂಜೆ ನಮ್ಮ ಧೈರ್ಯದ ಬೆಕ್ಕು ಎರಡನೇ ಮಹಡಿಯ ಕಿಟಕಿಯಿಂದ ಕೆಳಗೆ ಬಿತ್ತು. ಚಿಟ್ಟೆ ಬಂದಿತ್ತು. ಸೊಳ್ಳೆ ಜಾಲರಿ ಇತ್ತು, ಆದರೆ ಅಂಟಿಸುವ ಥರದ್ದು. ಮೈ ಭಾರಕ್ಕೆ ಕಿತ್ತುಬಂತು. ದವಡೆ ಒಡೆದಿದೆ, ಮುಂಗಾಲು ಮುರಿದಿದೆ, ಬದುಕುತ್ತದೆ ಅಂದಿದ್ದಾರೆ. ಬೆಕ್ಕು ಹೇಗೆ ಬಿದ್ದರೂ ಕಾಲ ಮೇಲೆ ನಿಲ್ಲುತ್ತದೆ ಅಂತ ನಂಬಿದ್ದೆ. ಕಾಲ ಮೇಲೇ ಬಿತ್ತು. ಬಿದ್ದ ರಭಸಕ್ಕೆ ಗಲ್ಲ ನೆಲಕ್ಕೆ ಹೊಡೆಯಿತು.

ಹೊಸದಾಗಿ ತರುವವರು ಬೆಕ್ಕು ಬರುವ ಮುಂಚೆಯೇ ಕಿಟಕಿಗೆ ತಂತಿ ಜಾಲರಿ ಸ್ಕ್ರೂ ಹಾಕಿಸಿ. ಬೇರೆ ವಾದ ಈಗ ನನ್ನ ಹತ್ತಿರ ಇಲ್ಲ.

ಹಳೇ ಸ್ವೆಟರ್ · 11ನೇ ದಿನ, ಮಧ್ಯಾಹ್ನ 2:41

ಛೆ. ಬೇಗ ಹುಷಾರಾಗಲಿ. ವಾಪಸ್ ಬಂದಾಗ ಅದಕ್ಕೂ ಸಣ್ಣ ಕೋಣೆ ಬೇಕಾಗುತ್ತದೆ, ಹಾರಬಾರದಲ್ಲ. ಬೇಕಾದ್ದು ಕೇಳಿ, ನಾನಿದ್ದೇನೆ.

ಕಿಟಕಿ ವಿಷಯ ಬಂತಲ್ಲ, ಹೂದಾನಿಯನ್ನೂ ನೋಡಿಕೊಳ್ಳಿ. ಲಿಲ್ಲಿ ಹೂ ಮನೆಯೊಳಗೆ ಬೇಡ. ಎಲೆ ಜಗಿಯಬೇಕಂತಲೂ ಇಲ್ಲ, ಮೈಗೆ ಬಿದ್ದ ಪರಾಗ ನೆಕ್ಕಿದರೂ ಕಿಡ್ನಿ ಕೈಕೊಡುತ್ತದೆ. ವಾಷಿಂಗ್ ಮೆಷಿನ್ ಹಾಕುವ ಮುಂಚೆ ಒಳಗೆ ಕೈ ಆಡಿಸಿ. ನಾಯಿಗೆ ಹಾಕುವ ಚಿಗಟದ ಔಷಧಿ ಬೆಕ್ಕಿಗೆ ಹಾಕಬೇಡಿ, ಅದರಲ್ಲಿ ಪರ್ಮೆತ್ರಿನ್ ಅನ್ನುವ ಕೀಟನಾಶಕ ಇದ್ದರೆ ನಡುಕ ಬಂದು ಸಾಯುತ್ತವೆ.

ಎರಡು ಬಾಲ · 19ನೇ ದಿನ, ರಾತ್ರಿ 9:15

ಗುಂಡ ಹುಷಾರಾದ. ಬಾಗಿಲ ಎರಡು ಕಡೆ ಊಟ ನಡೆಯುತ್ತಿದೆ, ಈಗ ಬಟ್ಟಲುಗಳ ನಡುವೆ ಬಾಗಿಲಿನ ದಪ್ಪ ಮಾತ್ರ. ಚುಕ್ಕಿ ಡಬ್ಬದಲ್ಲಿ ಕೂತು ನನ್ನನ್ನು ದಿಟ್ಟಿಸುತ್ತಾಳೆ. ಕೈ ಚಾಚಿದರೆ ಹಿಂದೆ ಸರಿಯುತ್ತಾಳೆ. ಮುಂದೇನು?

ಹಳೇ ಸ್ವೆಟರ್ · 19ನೇ ದಿನ, ರಾತ್ರಿ 9:33

ಕೈ ಚಾಚಬೇಡಿ, ಕಣ್ಣು ಮುಚ್ಚಿ. ನಿದ್ದೆ ಬಂದವರ ಹಾಗೆ ರೆಪ್ಪೆ ಅರ್ಧ ಇಳಿಸಿ, ನಿಧಾನಕ್ಕೆ ಮುಚ್ಚಿ, ನಿಧಾನಕ್ಕೆ ತೆಗೆಯಿರಿ. ಇಂಗ್ಲೆಂಡ್‌ನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಇದನ್ನೇ ಪರೀಕ್ಷಿಸಿ ನೋಡಿದರು. ಹೀಗೆ ಕಣ್ಣು ಮಿಟುಕಿಸಿದವರಿಗೆ ಬೆಕ್ಕುಗಳೂ ತಿರುಗಿ ಮಿಟುಕಿಸಿದವು. ಗುರುತಿಲ್ಲದವರು ಹೀಗೆ ಮಾಡಿ ಕೈ ಚಾಚಿದಾಗಲೂ ಹತ್ತಿರ ಬರುವುದು ಜಾಸ್ತಿಯಾಯಿತು. ಆಮೇಲೆ ಒಂದು ಬೆರಳು ಮೂಗಿನ ಎತ್ತರಕ್ಕೆ ಹಿಡಿದು ಸುಮ್ನೆ ಇರಿ. ಉಳಿದ ದೂರ ಅವಳದ್ದು.

ಮೊದಲ ಬೆಕ್ಕು · 20ನೇ ದಿನ, ಬೆಳಗ್ಗೆ 8:00

ನಾನೂ ಮಾಡಿ ನೋಡಿದೆ. ಹೊಸದು ಮಿಟುಕಿಸಿತು. ಆರು ವರ್ಷದ ಹಳೇದು ಎದ್ದು ಹೋಯಿತು.

ಎರಡು ಬಾಲ · 47ನೇ ದಿನ, ಸಂಜೆ 5:40

ತುಂಬಾ ದಿನ ಆಯ್ತು ಬರೆದು. ಇಡೀ ಮನೆ ಈಗ ಇಬ್ಬರದೂ. ಜೋಡಿ ಅಂತೂ ಅಲ್ಲ, ಆದರೆ ಜಗಳ ಇಲ್ಲ. ಒಂದೇ ಸೋಫಾದಲ್ಲಿ ನಡುವೆ ಒಂದು ದಿಂಬಿನಷ್ಟು ಜಾಗ ಬಿಟ್ಟು ಮಲಗುತ್ತಾರೆ, ಬಸ್ಸಿನಲ್ಲಿ ಗುರುತಿಲ್ಲದವರು ಕೂತ ಹಾಗೆ.

ಚುಕ್ಕಿ ಬೆರಳಿಗೆ ಮೂಗು ತಾಗಿಸಿದ್ದು 24ನೇ ದಿನ. ಗಲ್ಲದ ಕೆಳಗೆ ಕೆರೆಯಲು ಬಿಟ್ಟದ್ದು 31ಕ್ಕೆ. ಎತ್ತಿಕೊಳ್ಳಲು ಇನ್ನೂ ಬಿಡುವುದಿಲ್ಲ, ನಾನೂ ಕೇಳುವುದು ಬಿಟ್ಟಿದ್ದೇನೆ. ನಿನ್ನೆ ಗುಡುಗು ಬಂದಾಗ ಮಾತ್ರ ಓಡಿ ಬೀರು ಹಿಂದೆ ಹೋದಳು. ಹತ್ತು ನಿಮಿಷಕ್ಕೆ ಹೊರಗೆ ಬಂದಳು.

ಇವತ್ತು ಅವಳು ಕಿಟಕಿಯಲ್ಲಿ ಮಲಗಿದ್ದಾಗ (ಜಾಲರಿ, ಸ್ಕ್ರೂ, ಎಲ್ಲ ಆಗಿದೆ) ಕಸ ತೆಗೆಯಲು ಬೀರು ಸರಿಸಿದೆ. ಗೋಡೆ ಬುಡದಲ್ಲಿ ಕೂದಲು ಸೇರಿ ಸೇರಿ ಗೂಡಿನ ಹಾಗೆ ಗುಂಡಗೆ ಒಂದು ಹಾಸು ಆಗಿತ್ತು. ಅದರ ಮೇಲೆ ಎರಡು ಹೇರ್ ಬ್ಯಾಂಡ್, ಒಂದು ಪೆನ್ನಿನ ಮುಚ್ಚಳ, ಕಲ್ಲಾದ ನಾಲ್ಕು ಡ್ರೈ ಫುಡ್ ಕಾಳು. ಮತ್ತೆ ಗುಂಡನ ಕೆನ್ನೆಗೆ ಉಜ್ಜಿದ್ದ ಆ ಸಾಕ್ಸ್. ಮೂರು ವಾರದಿಂದ ಹುಡುಕುತ್ತಿದ್ದೆ. ಯಾವಾಗ ಎಳೆದುಕೊಂಡು ಹೋದಳೋ.

ಪೊರಕೆ ಹಿಡಿದು ಬಗ್ಗಿದವನು ತಿರುಗಿ ನೋಡಿದರೆ ಚುಕ್ಕಿ ಬಾಗಿಲಲ್ಲಿ ನಿಂತಿದ್ದಾಳೆ. ನನ್ನನ್ನು ನೋಡಿದಳು, ಗೋಡೆ ನೋಡಿದಳು. ಹೇರ್ ಬ್ಯಾಂಡ್, ಪೆನ್ನಿನ ಮುಚ್ಚಳ ನುಂಗಿಯಾಳು ಅಂತ ತೆಗೆದೆ. ಉಳಿದದ್ದು ಮುಟ್ಟಲಿಲ್ಲ. ಬೀರನ್ನು ವಾಪಸ್ ತಳ್ಳಿ, ನಾಲ್ಕು ಬೆರಳಿಟ್ಟು ಸಂದಿ ಅಳೆದು ಬಿಟ್ಟೆ.

ಹಳೇ ಸ್ವೆಟರ್ · 47ನೇ ದಿನ, ಸಂಜೆ 5:52

ಇನ್ನೊಂದು ಸಾಕ್ಸ್ ಇದ್ದರೆ ಅದನ್ನೂ ಅಲ್ಲೇ ಹಾಕಿಬಿಡಿ. ಒಂದಿಟ್ಟುಕೊಂಡು ನೀವೇನು ಮಾಡುತ್ತೀರಿ?